ಅಂತಿಮ ಬಲಿಪೂಜೆಯ ಕಿರುಹೊತ್ತಿಗೆ

2025ರ ಏಪ್ರಿಲ್ 26ರಂದು ವ್ಯಾಟಿಕನ್ ನಗರದ ಸಂತ ಪೇತ್ರರ ಚೌಕದಲ್ಲಿ ನಡೆದ ಪೋಪ್ ಫ್ರಾನ್ಸಿಸ್ ಅವರ ಅಂತಿಮ ಬಲಿಪೂಜೆಯನ್ನು ನಮ್ಮ ಓದುಗರಲ್ಲಿ ಬಹುಮಂದಿ ದೂರದರ್ಶನದಲ್ಲಿ ವೀಕ್ಷಿಸಿರಬೇಕು. ಅಂದು ಬಲಿಪೀಠದ ಮುಂದೆ ಆಸೀನರಾಗಿದ್ದವರ ಕೈಯಲ್ಲಿ ಒಂದು ಮುದ್ರಿತ ಹೊತ್ತಿಗೆ ಇತ್ತು. ಮೊದಲನೆಯ ವಾಚನ ಇಂಗ್ಲಿಷಿನಲ್ಲಿ, ಎರಡನೆಯದು ಸ್ಪ್ಯಾನಿಷ್ ಭಾಷೆಯಲ್ಲಿ, ವಿಶ್ವಾಸಿಗಳ ಪ್ರಾರ್ಥನೆ ಫ್ರೆಂಚ್, ಅರಬ್ಬಿ, ಪೋರ್ಚುಗೀಸ್, ಪೋಲಿಷ್, ಜರ್ಮನ್ ಹಾಗೂ ಚೀನಿ ಭಾಷೆಗಳಲ್ಲಿ. ಲೋಕದ ಮೂಲೆಮೂಲೆಗಳಿಂದ ಬಂದವರಿಗೆ ಮುಂದೇನು ನಡೆಯಲಿದೆ ಎಂಬುದನ್ನು ತಿಳಿಸಿ, ಅವರನ್ನೂ ಪ್ರಾರ್ಥನೆಯೊಳಗೆ ಕರೆದುಕೊಳ್ಳುವುದು ಆ ಹೊತ್ತಿಗೆಯ ಉದ್ದೇಶವಾಗಿತ್ತು. ಅಗಲಿದವರ ಪ್ರಶಸ್ತಿಪತ್ರ ಅದಾಗಿರಲಿಲ್ಲ.

ಇದನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ನಮ್ಮ ಪುಲಿಕೇಶಿನಗರದಲ್ಲಿಯೂ, ಅದಕ್ಕೆ ಹೊಂದಿಕೊಂಡ ಕ್ಲೀವ್‌ಲ್ಯಾಂಡ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್‌ಗಳಲ್ಲಿಯೂ ಇಂದು ಒಂದು ಸಾವು ಸಂಭವಿಸಿದರೆ, ಶವಪೆಟ್ಟಿಗೆಯ ಏರ್ಪಾಟು ಆಗುವಷ್ಟರಲ್ಲಿಯೇ ಮನೆಯವರಲ್ಲಿ ಯಾರಾದರೊಬ್ಬರು ‘ಬುಕ್‌ಲೆಟ್’ ಮಾತನ್ನು ಎತ್ತುತ್ತಾರೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಈ ಪದ್ಧತಿ ಇಷ್ಟು ವ್ಯಾಪಕವಾಗಿರಲಿಲ್ಲ. ಆಗ ಇದ್ದುದು ಸ್ಮರಣೆಯ ಪುಟ್ಟ ಕಾರ್ಡು: ಒಂದು ಬದಿಗೆ ಯೇಸುಸ್ವಾಮಿಯ ಅಥವಾ ಮಾತೆ ಮರಿಯಮ್ಮನವರ ಚಿತ್ರ, ಇನ್ನೊಂದು ಬದಿಗೆ ಹೆಸರು, ಹುಟ್ಟಿದ ಹಾಗೂ ಮರಣಿಸಿದ ದಿನ, ‘ಇವರ ಆತ್ಮಕ್ಕಾಗಿ ಪ್ರಾರ್ಥಿಸಿರಿ’ ಎಂಬ ಒಂದು ಬಿನ್ನಹ. ನಮ್ಮ ತಾಯಂದಿರ ಪ್ರಾರ್ಥನಾ ಪುಸ್ತಕಗಳು ಇಂತಹ ಕಾರ್ಡುಗಳಿಂದಲೇ ದಪ್ಪವಾಗಿರುತ್ತಿದ್ದವು. ಈಗ ಬರುತ್ತಿರುವುದು ಎಂಟು, ಹನ್ನೆರಡು, ಕೆಲವೊಮ್ಮೆ ಹದಿನಾರು ಪುಟಗಳ ಬಣ್ಣದ ಹೊತ್ತಿಗೆ. ಮುಖಪುಟದಲ್ಲಿ ಅಗಲಿದವರ ಭಾವಚಿತ್ರ, ಒಳಗೆ ಅವರ ಓದು, ಉದ್ಯೋಗ, ಪ್ರವಾಸ, ಮಕ್ಕಳು ನೆಲೆಸಿರುವ ದೇಶಗಳ ವಿವರ, ಕಡೆಯಲ್ಲಿ ಕೃತಜ್ಞತೆ. ಆತ್ಮಕ್ಕಾಗಿ ಪ್ರಾರ್ಥಿಸಿರಿ ಎಂಬ ಹಳೆಯ ಬಿನ್ನಹ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ಈ ಬದಲಾವಣೆಯನ್ನು ನಾವು ಸಾರಾಸಗಟಾಗಿ ಖಂಡಿಸಲು ಹೊರಟಿಲ್ಲ. ಮುದ್ರಿತ ಹೊತ್ತಿಗೆಯ ಹಿಂದೆ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಒಂದು ಒಳ್ಳೆಯ ಆಶಯವೇ ಇದೆ. 1963ರ ಡಿಸೆಂಬರ್ 4ರಂದು ಹೊರಬಂದ ಆರಾಧನಾವಿಧಿಯ ಸಂವಿಧಾನವು, ಜನರು ಪೂಜೆಯಲ್ಲಿ ಮೂಕಪ್ರೇಕ್ಷಕರಾಗಿ ಉಳಿಯದೆ ಅರಿತು ಭಾಗವಹಿಸಬೇಕೆಂದು ಹೇಳಿತು. ಅಂತ್ಯಸಂಸ್ಕಾರದ ವಿಧಿಯು ಕ್ರೈಸ್ತ ಮರಣದ ಪಾಸ್ಕ ಸ್ವರೂಪವನ್ನು, ಅಂದರೆ ಮರಣದಿಂದ ಪುನರುತ್ಥಾನದೆಡೆಗಿನ ದಾಟುವಿಕೆಯನ್ನು, ಇನ್ನಷ್ಟು ಸ್ಪಷ್ಟವಾಗಿ ತೋರಬೇಕು ಮತ್ತು ಆಯಾ ಪ್ರದೇಶದ ಸಂಪ್ರದಾಯಗಳಿಗೆ ಹೊಂದಬೇಕು ಎಂದೂ ಅದೇ ಸಂವಿಧಾನ ವಿಧಿಸಿತು. ಅದರಂತೆ 1969ರಲ್ಲಿ ಹೊಸ ಅಂತ್ಯಸಂಸ್ಕಾರ ವಿಧಿ ಪ್ರಕಟವಾಯಿತು. ಅದೇ ವರ್ಷದ ಏಪ್ರಿಲ್ 25ರಂದು ಭಾರತೀಯ ಧರ್ಮಸಭೆಗೆ ಆರತಿ, ಅಂಜಲಿ ಮುದ್ರೆ ಮೊದಲಾದ ಹನ್ನೆರಡು ಅಂಶಗಳ ಅಳವಡಿಕೆಗೂ ರೋಮ್‌ನ ಒಪ್ಪಿಗೆ ದೊರೆಯಿತು. ಈ ಅಳವಡಿಕೆಯ ಕಾರ್ಯದಲ್ಲಿ ಮುಂಚೂಣಿಯಲ್ಲಿದ್ದುದು 1967ರಲ್ಲಿ ಸ್ವಾಮಿ ಡಿ. ಎಸ್. ಅಮಲೋರ್ಪವದಾಸ್ ಅವರು ಕಟ್ಟಿದ ರಾಷ್ಟ್ರೀಯ ಕೇಂದ್ರ. ಅದು ಇರುವುದು ನಮ್ಮ ನೆರೆಯ ಹಚಿನ್ಸ್ ರಸ್ತೆಯಲ್ಲಿಯೇ ಎಂಬುದು ಪುಲಿಕೇಶಿನಗರದವರು ನೆನೆಯತಕ್ಕ ಸಂಗತಿ. ಆದುದರಿಂದ ‘ನಮಗೆ ಅರ್ಥವಾಗುವ ಭಾಷೆ, ನಮ್ಮದೇ ಸಂಕೇತ’ ಎಂಬ ಮಾತು ನಮಗೆ ದೂರದಿಂದ ಬಂದುದಲ್ಲ.

ಹಾಗಿದ್ದೂ ನಡೆಯುತ್ತಿರುವುದೇನು? ನಮ್ಮ ಮನೆಯದೇ ಒಂದು ಪ್ರಸಂಗವನ್ನು ಹೇಳುವುದು ಲೇಸು, ಇತರರ ಮನೆಯ ಮಾತು ನಮಗೇಕೆ.

ಕೆಲಕಾಲದ ಹಿಂದೆ, ತಪಸ್ಸುಕಾಲದ ನಡುವೆ, ನಮ್ಮ ದೊಡ್ಡಮ್ಮ ತೀರಿಕೊಂಡರು. ಎಂಬತ್ತು ದಾಟಿದ ಜೀವ. ಮಕ್ಕಳು ಹೊರದೇಶದಿಂದ ಬರಬೇಕಾಗಿದ್ದುದರಿಂದ ಎರಡು ದಿನ ಕಾಯಬೇಕಾಯಿತು. ಆ ಎರಡು ದಿನಗಳಲ್ಲಿ ಮೊಮ್ಮಗನೊಬ್ಬ ಅಲ್ಲಿಂದಲೇ ಗಣಕಯಂತ್ರದಲ್ಲಿ ಹನ್ನೆರಡು ಪುಟಗಳ ಹೊತ್ತಿಗೆಯನ್ನು ಸಿದ್ಧಪಡಿಸಿ ಕಳುಹಿಸಿದ. ಅಂದವಾಗಿಯೇ ಇತ್ತು. ಅಜ್ಜಿಯ ಮೇಲಿನ ಪ್ರೀತಿ ಪುಟಪುಟದಲ್ಲಿಯೂ ಕಾಣುತ್ತಿತ್ತು. ಹತ್ತಿರದ ಮುದ್ರಣಾಲಯವೊಂದರಲ್ಲಿ ರಾತ್ರೋರಾತ್ರಿ ಇನ್ನೂರು ಪ್ರತಿ ಅಚ್ಚಾಯಿತು. ಪೂಜೆ ಆರಂಭವಾಗುವ ಹೊತ್ತಿಗೆ ಹಾರೋಬೆಲೆಯಿಂದ ಬಂದಿದ್ದ ದೊಡ್ಡಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಹೊತ್ತಿಗೆಯ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿ, ಮೆಲ್ಲನೆ ನಮ್ಮನ್ನು ಕೇಳಿದರು: “ಇದರಲ್ಲಿ ಅಕ್ಕನ ಹೆಸರು ಎಲ್ಲೈತಪ್ಪ?”

ಹೆಸರು ಮುಖಪುಟದಲ್ಲಿಯೇ ದಪ್ಪಕ್ಷರದಲ್ಲಿತ್ತು, ಇಂಗ್ಲಿಷಿನಲ್ಲಿ. ಅದೂ ಊರಿನವರು ಕರೆಯುತ್ತಿದ್ದ ಹೆಸರಲ್ಲ, ಪಾಸ್‌ಪೋರ್ಟಿನಲ್ಲಿದ್ದ ಹೆಸರು. ನಾವು ಬೆರಳಿಟ್ಟು ತೋರಿಸಿದೆವು. ಅವರು ಹೊತ್ತಿಗೆಯನ್ನು ಮಡಿಚಿ ಸೆರಗಿನಲ್ಲಿಟ್ಟುಕೊಂಡು, ಜಪಸರವನ್ನು ಕೈಗೆತ್ತಿಕೊಂಡರು. ಪೂಜೆ ಮುಗಿಯುವವರೆಗೂ ಅವರ ಬಾಯಿಂದ ಒಂದು ಉತ್ತರವೂ ಹೊರಡಲಿಲ್ಲ. ಊರಿನ ದೇವಾಲಯದಲ್ಲಿ ಕೀರ್ತನೆಗಳನ್ನು ಎತ್ತಿ ಹಾಡುತ್ತಿದ್ದ ಹೆಂಗಸು ಸ್ವಂತ ಅಕ್ಕನ ಶವಪೆಟ್ಟಿಗೆಯ ಮುಂದೆ ಮೂಕಿಯಾದರು.

ಹೆಸರಿನ ವಿಷಯ ಸಣ್ಣದೆಂದು ಭಾವಿಸಬಾರದು. ನಮ್ಮ ಹಿರಿಯರು ಸಂತರ ಹೆಸರುಗಳನ್ನು ಈ ನೆಲದ ಬಾಯಿಗೆ ಒಗ್ಗಿಸಿಕೊಂಡಿದ್ದರು. ಪೇತ್ರರು ರಾಯಪ್ಪನಾದರು, ಪೌಲರು ಚಿನ್ನಪ್ಪನಾದರು, ಯೊವಾನ್ನರು ಅರುಳಪ್ಪನಾದರು, ಇಗ್ನೇಷಿಯಸರು ಇನ್ನಾಸಪ್ಪನಾದರು. ನಮ್ಮ ಪ್ರಧಾನಾಲಯದ ಪಾಲಕರಾದ ಸಂತ ಫ್ರಾನ್ಸಿಸ್ ಕ್ಸೇವಿಯರರೇ ಹಳ್ಳಿಗಳಲ್ಲಿ ಚೌರಪ್ಪ. ಕನ್ನಡ ತಮಿಳುಗಳೆರಡರಲ್ಲಿಯೂ ಬಾಳಿದ ಈ ಹೆಸರುಗಳು ಶಾಲೆಯ ದಾಖಲೆಯಲ್ಲಿ, ಕಛೇರಿಯ ಕಡತದಲ್ಲಿ ಪೀಟರ್, ಪಾಲ್, ಜಾನ್ ಎಂದು ಮಾರ್ಪಟ್ಟವು. ಹೀಗೆ ಒಬ್ಬನೇ ಮನುಷ್ಯನಿಗೆ ಎರಡು ಹೆಸರು. ಮರಣವಾರ್ತೆಯಲ್ಲಿ ದಾಖಲೆಯ ಹೆಸರನ್ನು ಮಾತ್ರ ಮುದ್ರಿಸಿದರೆ, ಜೊತೆಯಲ್ಲಿ ಆಡಿ ಬೆಳೆದವರಿಗೆ ಸತ್ತವರು ಯಾರೆಂದೇ ತಿಳಿಯದು. ಜ್ಞಾನಸ್ನಾನದ ಹೆಸರು, ಕರೆಯುವ ಹೆಸರು, ದಾಖಲೆಯ ಹೆಸರು, ಈ ಮೂರನ್ನೂ ಒಂದೇ ಸಾಲಿನಲ್ಲಿ ಕೊಡಲು ಜಾಗ ಸಾಲದೆಂಬ ಹೊತ್ತಿಗೆಯಲ್ಲಿ ಪ್ರವಾಸದ ನಾಲ್ಕು ಛಾಯಾಚಿತ್ರಗಳಿಗೆ ಜಾಗ ದೊರೆಯುತ್ತದೆ!

ಭಾಷೆಯ ಪ್ರಶ್ನೆಗೆ ಬರುವ ಮುನ್ನ ಈ ಬಡಾವಣೆಯ ಹಿನ್ನೆಲೆಯನ್ನು ನೆನೆಯುವುದು ಅವಶ್ಯ. 1898ರ ಪ್ಲೇಗು ಮಾರಿಯ ಬಳಿಕ ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರತರಲು ದಂಡು ಪ್ರದೇಶದಲ್ಲಿ ನಿರ್ಮಾಣಗೊಂಡ ವಿಸ್ತರಣೆ ಇದು. ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಸರರ ಹೆಸರನ್ನು ಹೊತ್ತು ಫ್ರೇಸರ್ ಟೌನ್ ಆಗಿ, ಮುಂದೆ ಚಾಲುಕ್ಯ ದೊರೆಯ ಹೆಸರಿನ ಪುಲಿಕೇಶಿನಗರವಾಯಿತು. ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ, ನಗರದ ಪೌರಾಡಳಿತದೊಡನೆ ಕೂಡಿದ್ದು 1949ರಲ್ಲಿ. ಸೈನ್ಯದ ಆಶ್ರಯದಲ್ಲಿ ಬಂದ ತಮಿಳು ಕುಟುಂಬಗಳು, ಆಂಗ್ಲೋ ಇಂಡಿಯನ್ನರು, ಗೋವೆ ಹಾಗೂ ಮಂಗಳೂರಿನ ಕೊಂಕಣಿಗರು, ಮಲಯಾಳಿಗಳು, ಸುತ್ತಲಿನ ಹಳ್ಳಿಗಳ ಕನ್ನಡಿಗರು ಒಂದೇ ದೇವಾಲಯದ ಬೆಂಚುಗಳಲ್ಲಿ ಕುಳಿತರು. ಪೂಜೆಯ ಭಾಷೆ ಲ್ಯಾಟಿನ್ ಆಗಿದ್ದಷ್ಟು ಕಾಲ ಯಾರಿಗೂ ಜಗಳವಿರಲಿಲ್ಲ, ಯಾರಿಗೂ ಅರ್ಥವೂ ಆಗುತ್ತಿರಲಿಲ್ಲ. ಜನಭಾಷೆಗೆ ಬಾಗಿಲು ತೆರೆದ ಮೇಲೆ ಯಾವ ಜನರ ಭಾಷೆ ಎಂಬ ಪ್ರಶ್ನೆ ಎದ್ದಿತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನಮ್ಮ ಮಹಾಧರ್ಮಪ್ರಾಂತ್ಯದಲ್ಲಿ ಆ ಪ್ರಶ್ನೆ ಎಷ್ಟು ಕಹಿಯಾಯಿತೆಂಬುದನ್ನು ಹಿರಿಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡ ಕಥೋಲಿಕರ ಬೇಡಿಕೆ ನ್ಯಾಯವಾದುದೆಂದು ಅಂದೂ ನಂಬಿದ್ದೆವು, ಇಂದೂ ನಂಬಿದ್ದೇವೆ.

ಆದರೆ ಸಾವಿನ ಮನೆಯಲ್ಲಿ ಆ ವಾದವನ್ನು ಹೂಡುವುದು ನಮ್ಮ ಇಂಗಿತವಲ್ಲ. ಇಂದು ಅಲ್ಲಿ ಕನ್ನಡವನ್ನು ತಮಿಳು ನೂಕುತ್ತಿಲ್ಲ, ತಮಿಳನ್ನು ಕನ್ನಡವೂ ನೂಕುತ್ತಿಲ್ಲ. ಎರಡನ್ನೂ ನೂಕಿ ಇಂಗ್ಲಿಷು ಕುಳಿತಿದೆ, ಅದೂ ಯಾರ ಒತ್ತಾಯವೂ ಇಲ್ಲದೆ, ನಮ್ಮ ಸ್ವಂತ ಮಕ್ಕಳ ಕೈಯಿಂದ. ಜಗಳ ಮಾಡಲು ಎದುರಾಳಿಯೇ ಇಲ್ಲದ ಸೋಲು ಇದು. ಮೊಮ್ಮಕ್ಕಳನ್ನು ದೂಷಿಸಿ ಪ್ರಯೋಜನವಿಲ್ಲ. ಕನ್ನಡ ಓದಲು ಅವರಿಗೆ ಕಲಿಸದವರು ನಾವೇ. ದೊಡ್ಡಮ್ಮನ ಮೊಮ್ಮಗನಿಗೆ ಇಂಗ್ಲಿಷೇ ಮಾತೃಭಾಷೆಯಾಗಿದ್ದರೆ ಅವನಿಗೂ ತನ್ನ ಭಾಷೆಯಲ್ಲಿ ಅಳುವ ಹಕ್ಕುಂಟು. ರೋಮ್‌ನ ಹೊತ್ತಿಗೆಯಲ್ಲಿ ಹಲವು ಭಾಷೆಗಳಿಗೆ ಸ್ಥಳವಿದ್ದಂತೆ ನಮ್ಮಲ್ಲಿ ಎರಡಕ್ಕಾದರೂ ಸ್ಥಳವಿರಲಿ: ಮೊದಲನೆಯದು ಸತ್ತವರು ಜೀವಮಾನವೆಲ್ಲ ಪ್ರಾರ್ಥಿಸಿದ ಭಾಷೆ, ಎರಡನೆಯದು ಅವರನ್ನು ಕಳುಹಿಸಿಕೊಡಲು ಬಂದವರ ಭಾಷೆ. ಒಂದು ವಾಚನ ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ. ಕೀರ್ತನೆಯ ಪಲ್ಲವಿ ಎಲ್ಲರಿಗೂ ಬರುವ ಭಾಷೆಯಲ್ಲಿ. ವಿಶ್ವಾಸಿಗಳ ಪ್ರಾರ್ಥನೆ ಒಂದೊಂದು ಒಂದೊಂದು ನುಡಿಯಲ್ಲಿ. ಗುರುಗಳಿಗೆ ಮುಂಚಿತವಾಗಿ ತಿಳಿಸಿದರೆ ಇದಕ್ಕೆ ಅಡ್ಡಿಪಡಿಸಿದವರನ್ನು ನಾವು ಕಂಡಿಲ್ಲ.

ಇನ್ನು ಒಳಗಿನ ವಿಷಯ. ದೊಡ್ಡಮ್ಮನ ಹೊತ್ತಿಗೆಯನ್ನು ಯಾವುದೋ ದೇಶದ ಸಿದ್ಧ ಮಾದರಿಯ ಮೇಲೆ ರಚಿಸಲಾಗಿತ್ತು. ತಪಸ್ಸುಕಾಲದಲ್ಲಿ ನಿಷಿದ್ಧವಾದ ‘ಅಲ್ಲೆಲೂಯ’ ಅದರಲ್ಲಿ ಅಚ್ಚಾಗಿತ್ತು. ಅರ್ಧ ಜನ ಅದನ್ನು ಹಾಡಿದರು, ಉಳಿದವರು ಗುರುಗಳ ಮುಖ ನೋಡಿದರು. ಗಾಯನವೃಂದದವರು ಹಾಡಿದ ಗೀತೆಗಳೇ ಬೇರೆ, ಹೊತ್ತಿಗೆಯಲ್ಲಿದ್ದ ಗೀತೆಗಳೇ ಬೇರೆ. ಏಕೆಂದರೆ ಅವರನ್ನು ಯಾರೂ ಕೇಳಿರಲಿಲ್ಲ. ಇಂತಹ ಎಡವಟ್ಟುಗಳು ಅವಸರದಲ್ಲಿ ಯಾರ ಮನೆಯಲ್ಲಾದರೂ ಆಗುತ್ತವೆ. ಆದುದರಿಂದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುತ್ತೇವೆ.

ಪಾಸ್ಕಕಾಲದಲ್ಲಿ ಮೊದಲನೆಯ ವಾಚನವನ್ನು ಹಳೆಯ ಒಡಂಬಡಿಕೆಗೆ ಬದಲಾಗಿ ಹೊಸ ಒಡಂಬಡಿಕೆಯಿಂದಲೇ ಆರಿಸಲಾಗುತ್ತದೆ. ಪೋಪ್ ಫ್ರಾನ್ಸಿಸರ ಪೂಜೆ ಪಾಸ್ಕ ಹಬ್ಬದ ಅಷ್ಟದಿನಗಳೊಳಗೆ ನಡೆದುದರಿಂದಲೇ ಅಂದು ಪ್ರೇಷಿತರ ಕಾರ್ಯಕಲಾಪಗಳ 10ನೆಯ ಅಧ್ಯಾಯವನ್ನು ಓದಲಾಯಿತು. ಉಳಿದ ಕಾಲಗಳಲ್ಲಿ ಯೋಬನ 19, ಯೆಶಾಯನ 25, ಜ್ಞಾನಗ್ರಂಥದ 3ನೆಯ ಅಧ್ಯಾಯಗಳಿಂದ ಆರಿಸಬಹುದು. ಇಲ್ಲೊಂದು ತೊಡಕು: ಪ್ರೊಟೆಸ್ಟಂಟ್ ಬಂಧುಗಳ ಮನೆಯಲ್ಲಿರುವ ಸಾಮಾನ್ಯ ಸತ್ಯವೇದದಲ್ಲಿ ಜ್ಞಾನಗ್ರಂಥ ಇರುವುದಿಲ್ಲ, ಹೆಸರುಗಳ ರೂಪವೂ ಬೇರೆ, ನಮ್ಮ ಯೊವಾನ್ನರು ಅಲ್ಲಿ ಯೋಹಾನರು. ಮಿಶ್ರ ಕುಟುಂಬಗಳು ಹೆಚ್ಚಿರುವ ಈ ಬಡಾವಣೆಯಲ್ಲಿ ಅದನ್ನು ನೋಡಿ ಇಳಿಸಿಕೊಂಡವರು ಗೊಂದಲಕ್ಕೆ ಬಿದ್ದಿದ್ದಾರೆ. ಕೀರ್ತನೆಗಳ ಎಣಿಕೆಯಲ್ಲಿಯೂ ಎಚ್ಚರ ಬೇಕು. ಕುರಿಗಾಹಿಯ ಕೀರ್ತನೆ ನಮ್ಮ ಗ್ರಂಥದಲ್ಲಿ 23, ರೋಮ್‌ನ ಆರಾಧನಾ ಗ್ರಂಥಗಳಲ್ಲಿ 22. ಅಲ್ಲಿಯ ಸಂಖ್ಯೆಯನ್ನು ನಕಲು ಮಾಡಿದರೆ ‘ನನ್ನನ್ನೇಕೆ ಕೈಬಿಟ್ಟೆ’ ಎಂದು ಮೊರೆಯಿಡುವ ಕೀರ್ತನೆಯನ್ನು ಓದಬೇಕಾಗುತ್ತದೆ.

ಕಡ್ಡಾಯದ ಮಹೋತ್ಸವಗಳಂದು, ಪವಿತ್ರ ವಾರದ ಗುರುವಾರದಂದು, ಪಾಸ್ಕ ತ್ರಿದಿನಗಳಲ್ಲಿ, ಆಗಮನ ಕಾಲ, ತಪಸ್ಸುಕಾಲ ಹಾಗೂ ಪಾಸ್ಕಕಾಲದ ಭಾನುವಾರಗಳಲ್ಲಿ ಮೃತರ ಅಂತಿಮ ಬಲಿಪೂಜೆಗೆ ಅವಕಾಶವಿಲ್ಲ. ದಿನವನ್ನು ಅಚ್ಚುಹಾಕಿಸಿದ ಮೇಲೆ ಗುರುಗಳ ಬಳಿ ಓಡಿದರೆ ಅವರೇನು ಮಾಡಿಯಾರು?

ಪ್ರಶಂಸಾ ಭಾಷಣದ ಮಾತು ಇನ್ನೂ ಸೂಕ್ಷ್ಮವಾದುದು. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 382ನೆಯ ಕಂಡಿಕೆಯು ಮೃತರ ಪೂಜೆಯಲ್ಲಿ ಕಿರು ಪ್ರಬೋಧನೆ ಇರಬೇಕೆಂದೂ, ಅದು ಯಾವ ರೀತಿಯಲ್ಲಿಯೂ ಮೃತರ ಗುಣಗಾನವಾಗಬಾರದೆಂದೂ ಹೇಳುತ್ತದೆ. ಪರಮಪ್ರಸಾದದ ನಂತರ, ಅಂತಿಮ ಬೀಳ್ಕೊಡುಗೆಗೆ ಮುನ್ನ, ಕುಟುಂಬದವರೊಬ್ಬರು ನೆನಪಿನ ನಾಲ್ಕು ಮಾತು ಹೇಳಬಹುದು. ನಮ್ಮಲ್ಲಿ ಈ ಒಬ್ಬರು ನಾಲ್ವರಾಗುತ್ತಾರೆ, ನಾಲ್ಕು ಮಾತು ನಲವತ್ತು ನಿಮಿಷವಾಗುತ್ತದೆ, ಹೊತ್ತಿಗೆಯಲ್ಲಿ ಅಚ್ಚಾದ ಜೀವನ ಚರಿತ್ರೆಯನ್ನೇ ಮತ್ತೊಮ್ಮೆ ಓದಲಾಗುತ್ತದೆ. ನಿಜಕ್ಕೂ ಮುದ್ರಿತ ಹೊತ್ತಿಗೆಯ ದೊಡ್ಡ ಉಪಕಾರವೆಂದರೆ ಇದೇ ಆಗಬಹುದಿತ್ತು: ಹೇಳಬೇಕೆನಿಸಿದ್ದನ್ನೆಲ್ಲ ಅಚ್ಚಿನಲ್ಲಿ ಹೇಳಿ, ಪೂಜೆಯ ಹೊತ್ತನ್ನು ಪ್ರಾರ್ಥನೆಗೆ ಬಿಟ್ಟುಕೊಡುವುದು.

1969ರ ವಿಧಿಯು ಮನೆ, ದೇವಾಲಯ, ಸಮಾಧಿಸ್ಥಳ ಎಂಬ ಮೂರು ನೆಲೆಗಳನ್ನು ಹೇಳುತ್ತದೆ. ನಮ್ಮ ಹೊತ್ತಿಗೆಗಳು ದೇವಾಲಯದ ಬಾಗಿಲಲ್ಲಿಯೇ ಮುಗಿದುಹೋಗುತ್ತವೆ. ಕಲ್ಪಳ್ಳಿಯಲ್ಲೋ ಹೊಸೂರು ರಸ್ತೆಯ ಸ್ಮಶಾನದಲ್ಲೋ ಪೆಟ್ಟಿಗೆಯನ್ನು ಕೆಳಗಿಳಿಸುವಾಗ ಏನು ಹೇಳಬೇಕೆಂದು ಯಾರಿಗೂ ತಿಳಿಯದೆ, ಹಿರಿಯರೊಬ್ಬರು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಆರಂಭಿಸುವವರೆಗೆ ಮೌನ ಕವಿದಿರುತ್ತದೆ. ಹೂಗುಚ್ಛ ಹಿಡಿದು ನಿಂತವರ ಕೈಗೆ ಅರ್ಧ ಪುಟದ ಪ್ರಾರ್ಥನೆ ಸಿಕ್ಕಿದರೆ ಎಷ್ಟು ಸಮಾಧಾನ! 2020–21ರ ಕೊರೋನಾ ಕಾಲದಲ್ಲಿ ಅಂತ್ಯಕ್ರಿಯೆಗೆ ಇಪ್ಪತ್ತು ಜನರ ಮಿತಿ ಬಿದ್ದಿದ್ದಾಗ, ಮನೆಗಳಲ್ಲಿ ಉಳಿದವರು ಮೊಬೈಲಿಗೆ ಬಂದ ಪ್ರಾರ್ಥನೆಯನ್ನು ನೋಡಿಕೊಂಡು ಅದೇ ಗಳಿಗೆಯಲ್ಲಿ ಜಪಿಸಿದ್ದನ್ನು ನಾವು ಬಲ್ಲೆವು. ಆಗ ಭಾವಚಿತ್ರ, ಬಣ್ಣ, ಜೀವನ ಚರಿತ್ರೆ ಯಾವುದಕ್ಕೂ ವ್ಯವಧಾನವಿರಲಿಲ್ಲ. ಪ್ರಾರ್ಥನೆ ಮಾತ್ರ ಉಳಿಯಿತು.

ಮುದ್ರಣದ ಬಗೆಗೂ ಒಂದೆರಡು ಮಾತು. ದಂಡಿನ ಟ್ರೆಡಲ್ ಯಂತ್ರಗಳ ಕಾಲದಲ್ಲಿ ಮೊಳೆ ಜೋಡಿಸುವವನು ಕನ್ನಡ ತಮಿಳುಗಳೆರಡನ್ನೂ ಬಲ್ಲವನಾಗಿರುತ್ತಿದ್ದ. ಇಂದು ನಾವು ಮೊಬೈಲಿನಿಂದ ಕಳುಹಿಸುವ ಕನ್ನಡ ಯೂನಿಕೋಡಿನಲ್ಲಿರುತ್ತದೆ. ಅನೇಕ ಮುದ್ರಣಾಲಯಗಳ ವಿನ್ಯಾಸ ತಂತ್ರಾಂಶಗಳು ನುಡಿ, ಬರಹಗಳ ಹಳೆಯ ಅಕ್ಷರ ಸಂಕೇತಗಳಿಗೆ ಒಗ್ಗಿವೆ. ಪರಿವರ್ತಿಸುವಾಗ ಒತ್ತಕ್ಷರಗಳು ಕಳಚುತ್ತವೆ, ಅರ್ಕಾವೊತ್ತು ಹಾರಿಹೋಗುತ್ತದೆ. ದೊಡ್ಡಮ್ಮನ ಮೂವತ್ತನೆಯ ದಿನಕ್ಕೆಂದು ನಾವು ಬೇರೊಂದು ಕಡೆ ಮಾಡಿಸಿದ ಕನ್ನಡ ಹಾಳೆಯ ಮೊದಲ ಕರಡಿನಲ್ಲಿ ‘ಸ್ವರ್ಗ’ ಎಂಬುದು ‘ಸ್ವಗ’ ಆಗಿತ್ತು, ‘ಪ್ರಭು’ ‘ಪಭು’ ಆಗಿದ್ದರು. ಕರಡನ್ನು ಪರದೆಯ ಮೇಲೆ ನೋಡಿ ಒಪ್ಪಬೇಡಿ. ಕಾಗದದ ಮೇಲೆ ತೆಗೆಸಿ, ಕನ್ನಡ ಬಲ್ಲ ಇಬ್ಬರಿಂದ ಗಟ್ಟಿಯಾಗಿ ಓದಿಸಿರಿ. ಅಕ್ಷರ ದೊಡ್ಡದಿರಲಿ. ಓದುವವರು ಬಹುಪಾಲು ವೃದ್ಧರು, ಕಣ್ಣುಗಳು ಅತ್ತು ಮಂಜಾಗಿರುತ್ತವೆ. ಗೀತೆಗಳನ್ನು ಪೂರ್ತಿಯಾಗಿ ಅಚ್ಚುಹಾಕುವಾಗ ರಚಿಸಿದವರ ಅನುಮತಿಯ ಪ್ರಶ್ನೆಯೂ ಇದೆ. ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯಿದೆ ವಿನಾಯಿತಿ ನೀಡಿದೆಯಾದರೂ ಮುದ್ರಿಸುವುದು ಬೇರೆಯೇ ಮಾತು. ಧರ್ಮಕೇಂದ್ರದ ಗೀತೆಪುಸ್ತಕದ ಸಂಖ್ಯೆಯನ್ನು ಕೊಟ್ಟರೆ ಸಾಕಾಗುತ್ತದೆ, ಪುಟವೂ ಉಳಿಯುತ್ತದೆ. ಹಳೆಯ ಕಾರ್ಡುಗಳ ಕೆಳಗಂಚಿನಲ್ಲಿ ಮುದ್ರಣಾಲಯದ ಹೆಸರು, ಊರು ಇರುತ್ತಿದ್ದವು. 1867ರ ಕಾಯಿದೆ ಅದನ್ನು ಬಯಸುತ್ತಿತ್ತು. ಆ ಕಾಯಿದೆ 2024ರ ಮಾರ್ಚ್ 1ರಿಂದ ಹೋಗಿದೆ. ಆ ಸಾಲೂ ಹೋಗುತ್ತಿದೆ. ನಮ್ಮ ದಂಡಿನ ಮುದ್ರಣಾಲಯಗಳ ಚರಿತ್ರೆ ಬರೆಯಹೊರಡುವವರಿಗೆ ಅಜ್ಜಿಯರ ಪ್ರಾರ್ಥನಾ ಪುಸ್ತಕಗಳೇ ಆಕರವಾದಾವು.

ಪೋಪ್ ಫ್ರಾನ್ಸಿಸರು ತಮ್ಮ ಅಂತ್ಯಸಂಸ್ಕಾರದ ವಿಷಯವನ್ನು ಇತರರ ಅವಸರಕ್ಕೆ ಬಿಡಲಿಲ್ಲ. 2022ರ ಜೂನ್ 29ರ ಮರಣಶಾಸನದಲ್ಲಿಯೇ, ಮರಿಯಾ ಮಜ್ಜೋರೆ ಮಹಾದೇವಾಲಯದಲ್ಲಿ, ನೆಲದೊಳಗೆ, ಅಲಂಕಾರವಿಲ್ಲದ ಸಮಾಧಿ ಬೇಕೆಂದು ಬರೆದಿಟ್ಟರು. 2024ರಲ್ಲಿ ಪೋಪರ ಅಂತ್ಯಸಂಸ್ಕಾರದ ವಿಧಿಯನ್ನು ಪರಿಷ್ಕರಿಸಿ, ಮೂರು ಪೆಟ್ಟಿಗೆಗಳಿದ್ದಲ್ಲಿ ಒಂದನ್ನು ಉಳಿಸಿದರು. ಅವರ ಸಮಾಧಿಯ ಮೇಲೆ ಇರುವುದು ಲ್ಯಾಟಿನ್ನಿನ ಒಂದೇ ಪದ, ಫ್ರಾನ್ಸಿಸ್ಕುಸ್. ನಮ್ಮ ಹೊತ್ತಿಗೆಗಳಲ್ಲಿ ನಿವೃತ್ತ ಹುದ್ದೆಯ ವೇತನ ಶ್ರೇಣಿಯೊಂದನ್ನು ಬಿಟ್ಟು ಉಳಿದೆಲ್ಲ ಬಿರುದುಗಳೂ ಇರುತ್ತವೆ ಎಂದರೆ ಓದುಗರು ಮುನಿಯಬಾರದು.

ಬದುಕಿರುವಾಗಲೇ ಸಾವಿನ ಹಾಳೆಯನ್ನು ಬರೆಯುವುದು ಅಪಶಕುನವೆಂಬ ಭಾವನೆ ನಮ್ಮಲ್ಲಿಯೂ ಬಲವಾಗಿದೆ. ದೊಡ್ಡಮ್ಮನ ಪೆಟ್ಟಿಗೆಯನ್ನು ತೆರೆದಾಗ ಸಿಕ್ಕ ನೋಟುಬುಕ್ಕಿನಲ್ಲಿ ತಮಗೆ ಪ್ರಿಯವಾದ ಮೂರು ಗೀತೆಗಳ ಮೊದಲ ಸಾಲುಗಳನ್ನು ಅವರು ಕನ್ನಡದಲ್ಲಿ ಬರೆದಿಟ್ಟಿದ್ದರು. ಕೆಳಗೆ ‘ನನ್ನ ಪೂಜೆಗೆ’ ಎಂದಿತ್ತು. ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಅಂದು ಆ ಮೂರರಲ್ಲಿ ಒಂದನ್ನೂ ಹಾಡಿರಲಿಲ್ಲ.

ಮೂವತ್ತನೆಯ ದಿನದ ಪೂಜೆಯಲ್ಲಿ ಆ ಮೂರನ್ನೂ ಹಾಡಿಸಿದೆವು. ಒಂದೇ ಹಾಳೆ, ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್, ಬಣ್ಣವಿಲ್ಲ, ಹೆಸರಿನ ಜಾಗದಲ್ಲಿ ಮೊದಲು ಊರಿನವರು ಕರೆಯುತ್ತಿದ್ದ ಹೆಸರು, ಆಮೇಲೆ ದಾಖಲೆಯದು. ಮೊಮ್ಮಗ ಹಿಂದಿರುಗಿ ಹೋಗಿದ್ದನಾದರೂ ಇಂಗ್ಲಿಷ್ ಭಾಗವನ್ನು ಅವನೇ ತಿದ್ದಿ ಕಳುಹಿಸಿದ್ದ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಹಾಳೆಯನ್ನು ಓದಿ ಮುಗಿಸಿ, ಊರಿನಲ್ಲಿ ಹಂಚಲು ಇನ್ನೂ ಹತ್ತು ಪ್ರತಿ ಕೇಳಿ ಪಡೆದರು.